ಕವಡೆ: ಒಂದು ಕಡಲ ಜೀವಿಯ ಚಿಪ್ಪು ಹಣವಾದ ಬಗೆ

'ಕವಡೆ ಕಾಸಿನ ಕಿಮ್ಮತ್ತಿಲ್ಲ' ಎಂಬ ಮಾತು ಕನ್ನಡದಲ್ಲಿ ಇಂದಿಗೂ ಬಳಕೆಯಲ್ಲಿದೆ. ಆದರೆ ಹಲವು ಶತಮಾನಗಳ ಕಾಲ ಏಷ್ಯಾ ಹಾಗೂ ಆಫ್ರಿಕಾದ ಅನೇಕ ಮಾರುಕಟ್ಟೆಗಳಲ್ಲಿ ಕವಡೆಯೇ ಚಲಾವಣೆಯ ಹಣವಾಗಿತ್ತು. ಅದು ಮೌಲ್ಯವನ್ನು ಗಳಿಸಿದ ಮತ್ತು ಕಳೆದುಕೊಂಡ ಬಗೆ ವಾಣಿಜ್ಯಾಸಕ್ತರು ಅರಿಯಬೇಕಾದ ವಿಷಯವಾಗಿದೆ.

ಹಿಂದೂ ಮಹಾಸಾಗರ ಮತ್ತು ಶಾಂತ ಸಾಗರಗಳ ಆಳವಿಲ್ಲದ ನೀರಿನಲ್ಲಿ, ಹವಳದ ದಿಬ್ಬಗಳ ಆಸುಪಾಸಿನಲ್ಲಿ ವಾಸಿಸುವ ಪುಟ್ಟ ಬಸವನಹುಳುವಿನ ಚಿಪ್ಪೇ ಕವಡೆ. 1758ರಲ್ಲಿ ಲಿನೇಯಸ್ ಇದಕ್ಕೆ 'ಮೊನೆಟಾ' ಎಂಬ ಹೆಸರನ್ನಿತ್ತನು. ಲ್ಯಾಟಿನ್ ಭಾಷೆಯಲ್ಲಿ ಆ ಪದಕ್ಕೆ ಹಣವೆಂದೂ ಅರ್ಥವುಂಟು. ಸಾಮಾನ್ಯವಾಗಿ 2ರಿಂದ 3 ಸೆಂ.ಮೀ. ಉದ್ದವಿರುವ ಈ ಚಿಪ್ಪು ಗಟ್ಟಿಯಾದುದು. ಬೇಗ ಸವೆಯದು, ಎಣಿಕೆಗೆ ಸುಲಭ, ನಕಲು ಮಾಡುವುದು ಕಷ್ಟ.

ಇದರ ಮುಖ್ಯ ಮೂಲ ಮಾಲ್ಡೀವ್ಸ್ ದ್ವೀಪಗಳು. ಅಲ್ಲಿಂದ ಬಂಗಾಳಕ್ಕೆ ಕವಡೆ ಸಾಗುತ್ತಿತ್ತು. ಪ್ರತಿಯಾಗಿ ಅಕ್ಕಿ ಬರುತ್ತಿತ್ತು. 14ನೆಯ ಶತಮಾನದ ಪ್ರವಾಸಿ ಇಬ್ನ್ ಬತೂತನ ಪ್ರಕಾರ ಮಾಲ್ಡೀವ್ಸ್‌ನಲ್ಲಿ 1 ಚಿನ್ನದ ದಿನಾರಿಗೆ 4 ಲಕ್ಷ ಕವಡೆಗಳು ದೊರೆಯುತ್ತಿದ್ದವು. ಅಗ್ಗವಾದಾಗ 12 ಲಕ್ಷದವರೆಗೂ. ಪಶ್ಚಿಮ ಆಫ್ರಿಕಾದ ಮಾಲಿಯಲ್ಲಿ ಅದೇ ದಿನಾರಿಗೆ ಸಿಗುತ್ತಿದ್ದುದು ಕೇವಲ 1,150. ಮೂಲದಿಂದ ದೂರ ಹೋದಂತೆ ಸರಕು ದುರ್ಲಭವಾಗುತ್ತದೆ, ಬೆಲೆ ಏರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಮುಂದೆ ಯೂರೋಪಿನ ವರ್ತಕರು ಈ ಲಾಭವನ್ನರಿತು, ಹಡಗುಗಟ್ಟಲೆ ಕವಡೆಯನ್ನು ಆಫ್ರಿಕಾಕ್ಕೆ ಒಯ್ದು ಗುಲಾಮರ ಖರೀದಿಗೂ ಬಳಸಿದರು.

ಈ ಹಣ ಎರಡು ಬಗೆಯಲ್ಲಿ ಅಳಿಯಿತು. ಬಂಗಾಳದಲ್ಲಿ 4 ಕವಡೆಗೆ 1 ಗಂಡಾ, 20 ಗಂಡಾಕ್ಕೆ 1 ಪಣ ಎಂಬ ಲೆಕ್ಕವಿತ್ತು. 1740ರಲ್ಲಿ ಅಲ್ಲಿ 1 ರೂಪಾಯಿಗೆ 2,400 ಕವಡೆಗಳಿದ್ದರೆ, 1845ರ ವೇಳೆಗೆ 6,500 ಆಗಿತ್ತು. ನೆರೆಯ ಒಡಿಶಾವನ್ನು 1803ರಲ್ಲಿ ವಶಪಡಿಸಿಕೊಂಡ ಈಸ್ಟ್ ಇಂಡಿಯಾ ಕಂಪನಿಯು ಕಂದಾಯವನ್ನು ಬೆಳ್ಳಿಯಲ್ಲೇ ತೆರಬೇಕೆಂದು ವಿಧಿಸಿತು. ಕವಡೆಯನ್ನೇ ನಂಬಿದ್ದ ರೈತನ ಉಳಿತಾಯ ಕರಗಿತು. 1817ರ ಪಾಯಿಕ ದಂಗೆಯ ಕಾರಣಗಳಲ್ಲಿ ಇದೂ ಒಂದು.

ಪಶ್ಚಿಮ ಆಫ್ರಿಕಾದಲ್ಲಿ ಆದದ್ದು ಬೇರೆ. 1840ರ ದಶಕದಿಂದ ಜರ್ಮನ್ ವರ್ತಕರು ಜಾಂಜಿಬಾರ್ ಕಡೆಯ, ಬೆನ್ನ ಮೇಲೆ ಹಳದಿ ಉಂಗುರವುಳ್ಳ ಅಗ್ಗದ ಕವಡೆಯನ್ನು ಅಪಾರ ಪ್ರಮಾಣದಲ್ಲಿ ತಂದು, ತಾಳೆ ಎಣ್ಣೆಯನ್ನು ಕೊಂಡರು. ಪೂರೈಕೆ ಮಿತಿಮೀರಿ ಕವಡೆಯ ಕೊಳ್ಳುವ ಶಕ್ತಿ ಕುಸಿಯಿತು. ಚೀಲಗಟ್ಟಲೆ ಕೂಡಿಟ್ಟವರು ಬಡವರಾದರು.

ಎರಡೂ ಕಡೆ ಚಿಪ್ಪು ಬದಲಾಗಲಿಲ್ಲ. ಬದಲಾದುದು ಅದರ ಮೇಲಿನ ವಿಶ್ವಾಸ. ಮಿತವಾದ ಪೂರೈಕೆ ಮತ್ತು ಸರ್ಕಾರದ ಮಾನ್ಯತೆ, ಇವೆರಡರಲ್ಲಿ ಒಂದು ತಪ್ಪಿದರೂ ಹಣ ನಿಲ್ಲದು. ಘಾನಾ ದೇಶವು 1965ರಲ್ಲಿ ತನ್ನ ಹೊಸ ನಾಣ್ಯಕ್ಕೆ ಕವಡೆಯನ್ನು ಸೂಚಿಸುವ 'ಸೀಡಿ' ಎಂಬ ಹೆಸರನ್ನೇ ಇಟ್ಟಿತು. ಹೆಸರು ಹಳೆಯದಾದರೂ ಅದಕ್ಕೂ ಅನ್ವಯಿಸುವುದು ಇದೇ ನಿಯಮ.