ರೀಸ್ಟಾರ್ಟ್ ಮಾಡುವ ಮೊದಲು ಲಾಗ್ ಓದಿ

ವಿಮಾನಪುರದ ಎಚ್‌ಎಎಲ್ ಆಸುಪಾಸಿನ ಕಚೇರಿಗಳಲ್ಲಿ ಸರ್ವರ್ ನೋಡಿಕೊಳ್ಳುವ ಹೊಸಬರೇ, ವಿಮಾನದ ಲಾಗ್‌ಬುಕ್ ನೋಡದೆ ಎಂಜಿನ್ ಬಿಚ್ಚುವುದುಂಟೇ? ಸೈಟ್ ಬಿದ್ದಾಗಲೂ ಮೊದಲು ಲಾಗ್ ಓದಿ.

ಸಮಯ ಹೊಂದಿಸಿಕೊಳ್ಳಿ. ಸರ್ವರ್ ಯುಟಿಸಿಯಲ್ಲಿದ್ದರೆ ಗ್ರಾಹಕರು ಮಧ್ಯಾಹ್ನ 3:10ಕ್ಕೆ ಕಂಡ ದೋಷ ಲಾಗ್‌ನಲ್ಲಿ 09:40ಕ್ಕೆ ದಾಖಲಾಗಿರುತ್ತದೆ. ಈ ಐದೂವರೆ ಗಂಟೆಯ ಅಂತರದಲ್ಲಿ ಎಷ್ಟೋ ಮಂದಿ ದಾರಿ ತಪ್ಪುತ್ತಾರೆ.

ಆಮೇಲೆ ಲಾಗ್‌ನಲ್ಲಿರುವ ಸ್ಥಿತಿ ಸಂಖ್ಯೆ ನೋಡಿ. 404 ಎಂದರೆ ಕೇಳಿದ ವಿಳಾಸದಲ್ಲಿ ಏನೂ ಸಿಕ್ಕಿಲ್ಲ. ವೆಬ್ ಸರ್ವರ್ ಎಂಜಿನ್‌ಎಕ್ಸ್ 502 ಕೊಟ್ಟರೆ ಅದು ಬದುಕಿದೆ, ಅದರ ಹಿಂದಿರುವ ಅಪ್ಲಿಕೇಶನ್ ಸರಿಯಾಗಿ ಉತ್ತರಿಸಿಲ್ಲ. ಅದೇ ಕ್ಷಣದ ಎರರ್ ಲಾಗ್‌ನಲ್ಲಿ ‘ಕನೆಕ್ಷನ್ ರಿಫ್ಯೂಸ್ಡ್’ ಎಂದಿದ್ದರೆ ಅಪ್ಲಿಕೇಶನ್ ನಿಂತಿದೆಯೇ, ಪೋರ್ಟ್ ಬದಲಾಗಿದೆಯೇ ನೋಡಿ. ಸಾಲು ಸಾಲು ದೋಷ ಕಂಡರೆ ಗಾಬರಿ ಬೇಡ. ಮೊದಲು ಬಂದದ್ದರಲ್ಲೇ ಕಾರಣ ಸಿಗುವುದು ಹೆಚ್ಚು. ಸಹಾಯ ಕೇಳುವಾಗ ಆ ಸಾಲನ್ನೇ ಕಳಿಸಿ, ಆದರೆ ಗ್ರಾಹಕರ ಐಪಿ ವಿಳಾಸ, ಟೋಕನ್ ಅಳಿಸಿ.