ಒಂದೇ ರೊಟ್ಟಿ, ಬೇರೆ ಬೇರೆ ಸಭೆ: ಬೀದರ್ ಟಿಪ್ಪಣಿ

ಕರ್ತನ ಭೋಜನದಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವವರು ಕ್ರಿಸ್ತನಲ್ಲಿ ಒಂದೇ ದೇಹವೆಂಬುದು ಪೌಲನ ಬೋಧನೆ (1 ಕೊರಿಂಥ 10:17). ಕಥೋಲಿಕರು ಈ ಭೋಜನವನ್ನು ಪರಮಪ್ರಸಾದ ಎನ್ನುತ್ತಾರೆ; ಸಾಮಾನ್ಯವಾಗಿ ಪೋಪರೊಂದಿಗೆ ಐಕ್ಯದಲ್ಲಿರುವವರಿಗೇ ಕೊಡುತ್ತಾರೆ. ಮೆಥಡಿಸ್ಟರ ಮೇಜು ಇತರ ಸಭೆಯವರಿಗೂ ತೆರೆದಿದೆ.

ಆದರೆ ಪರೀಕ್ಷೆಯಲ್ಲಿ ಅಭ್ಯರ್ಥಿಗಳು ಎಡವುವುದು ಭೋಜನದ ಈ ಭೇದದಲ್ಲಲ್ಲ, ಸಭೆಗಳ ಐಕ್ಯದ ಪ್ರಶ್ನೆಯಲ್ಲಿ. ಆಂಗ್ಲಿಕನ್, ದಕ್ಷಿಣ ಭಾರತ ಐಕ್ಯ ಸಭೆ, ಬ್ರಿಟಿಷ್ ಮೂಲದ ಮೆಥಡಿಸ್ಟರು ಕೂಡಿ 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ (ಸಿಎಸ್‌ಐ) ರಚಿಸಿದರು. ಆದರೆ ಬೀದರ್ ನಗರ, ಭಾಲ್ಕಿ, ಔರಾದ್ ಭಾಗದ ಮೆಥಡಿಸ್ಟರದು ಅಮೆರಿಕನ್ ಮಿಷನ್ ಪರಂಪರೆ. ಅದು ಸಿಎಸ್‌ಐ ಸೇರಲಿಲ್ಲ. 1970ರಲ್ಲಿ ಉತ್ತರ ಭಾರತ ಸಭೆ ರಚನೆಯಾದಾಗ ಆ ಐಕ್ಯದಿಂದಲೂ ಕೊನೆಗಳಿಗೆಯಲ್ಲಿ ಹಿಂದೆ ಸರಿಯಿತು. 1981ರಲ್ಲಿ ಸ್ವಾಯತ್ತ ‘ಭಾರತದ ಮೆಥಡಿಸ್ಟ್ ಸಭೆ’ಯಾಯಿತು. ದಕ್ಷಿಣದ ಪ್ರೊಟೆಸ್ಟೆಂಟರೆಲ್ಲ ಸಿಎಸ್‌ಐ ಎಂದು ಬರೆದರೆ ಅಂಕ ಹೋಯಿತು!