ಒಂದು ಹಿಡಿ ತೊಗರಿ ಮತ್ತು ಟಿ ಕೋಶ

ಮಕ್ಕಳೇ, ‘ನಿಮಗೆ ಚಿಕೂನ್‌ಗುನ್ಯಾ ಬಂದಿತ್ತೇ?’ ಎಂದು ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ. 2006ರಲ್ಲಿ ಈ ಜ್ವರ ನಮ್ಮ ಜಿಲ್ಲೆಯಲ್ಲೂ ಹರಡಿತ್ತು. ಆ ವರ್ಷ ಕರ್ನಾಟಕದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಮಂದಿಗೆ ಬಂದಿರಬಹುದೆಂದು ಲೆಕ್ಕ ಹಾಕಲಾಯಿತು. ಜ್ವರ ಕೆಲವೇ ದಿನಗಳಲ್ಲಿ ಇಳಿಯಿತು. ಕೀಲುನೋವು ಮಾತ್ರ ಹಲವರನ್ನು ತಿಂಗಳುಗಟ್ಟಲೆ ಕಾಡಿತು.

ಇದಕ್ಕೆ ಕಾರಣ ಒಂದು ವೈರಸ್. ಹರಡುವುದು ಹಗಲಿನಲ್ಲಿ ಕಚ್ಚುವ ಈಡಿಸ್ ಸೊಳ್ಳೆ. ಈ ವೈರಸ್ಸನ್ನೇ ಕೊಲ್ಲುವ ಔಷಧ ಇಂದಿಗೂ ಇಲ್ಲ. ಹಾಗಾದರೆ ಜ್ವರ ಇಳಿಸಿದವರು ಯಾರು? ನಮ್ಮ ದೇಹದ ರಕ್ಷಣಾ ಪಡೆ!

ರಕ್ತದಲ್ಲಿ ತೇಲುವ ವೈರಸ್ಸಿಗೆ ಪ್ರತಿಕಾಯಗಳು ಅಂಟಿಕೊಂಡು ಅದನ್ನು ತಡೆಯುತ್ತವೆ. ಆದರೆ ವೈರಸ್ ಜೀವಕೋಶದೊಳಗೆ ಹೊಕ್ಕು ಅಡಗಿದರೆ? ಅದನ್ನು ಪತ್ತೆ ಮಾಡುವುದು ಟಿ ಕೋಶಗಳೆಂಬ ಬಿಳಿ ರಕ್ತಕಣಗಳು.

ತೊಗರಿ ಮಾರುಕಟ್ಟೆಯಲ್ಲಿ ವ್ಯಾಪಾರಿ ಚೀಲವನ್ನೆಲ್ಲ ಸುರಿದು ನೋಡುವುದಿಲ್ಲ. ಒಂದು ಹಿಡಿ ಕಾಳನ್ನು ಅಂಗೈ ಮೇಲೆ ಹರಡಿ ನೋಡುತ್ತಾನೆ, ಅಷ್ಟೆ. ಜೀವಕೋಶವೂ ತನ್ನೊಳಗೆ ತಯಾರಾಗುವ ಪ್ರೋಟೀನುಗಳ ಚೂರುಗಳನ್ನು ಹೊರಮೈ ಮೇಲೆ ಸದಾ ತೋರಿಸುತ್ತಿರುತ್ತದೆ. (ಇಲ್ಲಿ ಕಾಳು ತೆಗೆದು ತೋರಿಸುವುದು ಚೀಲವೇ ಎನ್ನಿ!) ವೈರಸ್ ಹೊಕ್ಕ ಕೋಶದ ಮೇಲೆ ವೈರಸ್ಸಿನ ಚೂರೂ ಕಾಣಿಸಿಕೊಳ್ಳುತ್ತದೆ. ಅದನ್ನು ಗುರುತಿಸಿದ ಟಿ ಕೋಶ ಆ ಇಡೀ ಕೋಶವನ್ನೇ ಸಾಯಿಸುತ್ತದೆ. ಆಗ ಒಳಗಿನ ವೈರಸ್ಸಿಗೆ ಬೆಳೆಯಲು ಜಾಗವಿಲ್ಲ.

ಚೂರೊಂದನ್ನೇ ನೋಡಿದರೆ ಸಾಲದು, ಅದನ್ನು ಹಿಡಿದ ‘ಅಂಗೈ’ಯೂ ತನ್ನ ದೇಹದ್ದೇ ಎಂದು ಟಿ ಕೋಶ ಗುರುತಿಸಬೇಕು. ಇದನ್ನು ಇಲಿಗಳ ಮೇಲಿನ ಪ್ರಯೋಗದಿಂದ ಕಂಡುಹಿಡಿದವರು ಪೀಟರ್ ಡೊಹರ್ಟಿ ಮತ್ತು ರಾಲ್ಫ್ ಜಿಂಕರ್ನಾಗೆಲ್. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ನಡೆದ ಈ ಕೆಲಸ 1974ರಲ್ಲಿ ಪ್ರಕಟವಾಯಿತು. 1996ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ಟಿ ಕೋಶಗಳು ಪಳಗುವುದು ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ. ‘ಟಿ’ ಎಂಬ ಹೆಸರು ಬಂದದ್ದೂ ಅದರಿಂದಲೇ. ದೇಹದ ಸ್ವಂತ ಚೂರುಗಳ ಮೇಲೆಯೇ ಎರಗುವ ಕೋಶಗಳಲ್ಲಿ ಹೆಚ್ಚಿನವು ಅಲ್ಲಿಯೇ ನಾಶವಾಗುತ್ತವೆ. ಉಳಿದವುಗಳಲ್ಲಿ ಒಂದೊಂದೂ ಒಂದೊಂದು ಬಗೆಯ ಚೂರನ್ನಷ್ಟೇ ಗುರುತಿಸಬಲ್ಲದು. ಆದ್ದರಿಂದ ಹೊಸ ವೈರಸ್ ಬಂದಾಗ ಅದಕ್ಕೆ ಸರಿಹೊಂದುವ ಟಿ ಕೋಶಗಳು ಬಹಳ ಕಡಿಮೆ. ಅವು ವಿಭಜಿಸಿ ಸಾವಿರಾರು ಆಗಲು ಕೆಲವು ದಿನಗಳು ಬೇಕು. ಅಲ್ಲಿಯವರೆಗೆ ನಾವು ಜ್ವರದಿಂದ ಮಲಗಿರುತ್ತೇವೆ! ಜ್ವರ ಬಿಟ್ಟ ಮೇಲೂ ಕೆಲವು ‘ನೆನಪಿನ ಕೋಶ’ಗಳಾಗಿ ಉಳಿದು, ಅದೇ ವೈರಸ್ ಮತ್ತೆ ಬಂದರೆ ಬೇಗ ಎದ್ದು ನಿಲ್ಲುತ್ತವೆ.

ಕೀಲುನೋವಿಗೆ ವೈರಸ್ಸೊಂದೇ ಕಾರಣವಲ್ಲ. ರಕ್ಷಣಾ ಕೋಶಗಳು ಕೀಲುಗಳಲ್ಲಿ ಗುಂಪುಗೂಡಿ ಹೋರಾಡುವುದರಿಂದಲೂ ಊತ, ನೋವು ಬರುತ್ತದೆ.

ಮಾಡಿ ನೋಡಿ: ನಿಮ್ಮ ಮನೆಯಲ್ಲಿ ನೀರು ತುಂಬಿಟ್ಟ ಡ್ರಮ್ಮಿನೊಳಗೆ ಟಾರ್ಚ್ ಬೆಳಕು ಬಿಡಿ. ಚಿಕ್ಕ ಹುಳುಗಳು ತಲೆಕೆಳಗಾಗಿ ತೂಗುತ್ತಿವೆಯೇ? ಅವು ಸೊಳ್ಳೆಯ ಮರಿಗಳು. ದೊಡ್ಡವರಿಗೆ ಹೇಳಿ ನೀರು ಚೆಲ್ಲಿಸಿ, ಡ್ರಮ್ಮಿನ ಒಳಗೋಡೆಯನ್ನು ಉಜ್ಜಿ ತೊಳೆಯಿರಿ. ಈಡಿಸ್ ಮೊಟ್ಟೆಗಳು ಗೋಡೆಗೇ ಅಂಟಿರುತ್ತವೆ.